ಒಂದೇ ಬುಟ್ಟಿಯ ಹಸಿರು, ಹಳದಿ

ಎಂಬತ್ತರ ದಶಕದ ಆರಂಭದ ಒಂದು ಶ್ರಾವಣ. ರಾಯಚೂರಿನಿಂದ ಬೆಳಗಿನ ಆರರ ಮಾನ್ವಿ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಒಂದು ಬಿಸ್ಕೀಟು ಡಬ್ಬಿ. ಒಳಗೆ ಸೂಜಿ ಚುಚ್ಚಿದ ಎರಡು ಪತಂಗ: ದೊಡ್ಡದು ಹಳದಿ, ರೆಕ್ಕೆಯ ಮೇಲೆ ಕಂದು ಮಚ್ಚೆ, ಸಣ್ಣದು ಎಳೆ ಹಸಿರು. ದೊಡ್ಡದರ ಹೆಸರು ಪುಸ್ತಕದಲ್ಲಿತ್ತು, ಸಣ್ಣದರದು ಎಲ್ಲೂ ಸಿಕ್ಕಿರಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ನಾನು ಅದು ಹೊಸ ಪ್ರಭೇದವೆಂದು ಲೇಖನ ಬರೆದು, ನಮ್ಮೂರಿನ ಹೆಸರನ್ನೇ ಅದಕ್ಕಿಟ್ಟು, ಲಕೋಟೆಗೆ ಅಂಚೆಚೀಟಿಯನ್ನೂ ಅಂಟಿಸಿ ಚೀಲದಲ್ಲಿಟ್ಟುಕೊಂಡಿದ್ದೆ. ಅಂಚೆಗೆ ಹಾಕಲು ಇನ್ನು ನಾಲ್ಕು ಹಸಿರು ಮಾದರಿ ಸಿಕ್ಕರೆ ಸಾಕಿತ್ತು.

"ಡಬ್ಬಿಯೊಳಗ ಏನದರೀ?" ನಾಲ್ಕು ರೂಪಾಯಿ ಇಸಿದುಕೊಳ್ಳುತ್ತ ಕಂಡಕ್ಟರ್ ಕೇಳಿದ.

"ಎರಡು ಜಾತಿ ಹುಳ," ಎಂದೆ, ತುಸು ಜಂಬದಿಂದಲೇ.

ಮಾನ್ವಿಯಲ್ಲಿ ಗೆಳೆಯ ಆಚಾರ್ಯರ ಹಿತ್ತಲಿನ ದಾಳಿಂಬೆ ಗಿಡ ಜಾಲಾಡಿದೆವು. ಹಳದಿಯವು ಎರಡು ಸಿಕ್ಕವು, ಹಸಿರು ಒಂದೂ ಇಲ್ಲ. ಎರಡೂ ಬೇರೆ ಎನ್ನಲು ಇನ್ನೊಂದು ಪುರಾವೆ ಎಂದು ಹಿಗ್ಗಿ, ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದೆ.

ಮರುದಿನ ದೇವದುರ್ಗದಲ್ಲಿ ಜಿನುಗು ಮಳೆ. ಕರಿಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತುವುದೇ ಕಷ್ಟವಾಯಿತು. ಹಸಿರು ಪತಂಗ ತಮ್ಮಲ್ಲಿದೆಯೆಂದು ಅಲ್ಲಿನ ಶಿಕ್ಷಕಿ ಸಿದ್ದಮ್ಮ ಕಾರ್ಡು ಬರೆದಿದ್ದರು. ಕೂಲಿಯವರ ಮನೆಯಿಂದ ಬಂದು ಓದಿ ನೌಕರಿ ಹಿಡಿದ ನನ್ನ ಹಳೆಯ ವಿದ್ಯಾರ್ಥಿನಿ. ಔಡಲ ಎಲೆಯ ಮೇಲಿನ ತತ್ತಿಗಳನ್ನು ತಂದು, ಅವುಗಳಿಂದ ಬಂದ ಕಂಬಳಿಹುಳಗಳನ್ನು ಶಾಲೆಯಲ್ಲೇ ಬಟ್ಟೆ ಸುತ್ತಿದ ಬುಟ್ಟಿಯಡಿ ಸಾಕಿದ್ದರು. ಬುಟ್ಟಿ ಎತ್ತಿದರು.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಒಳಗೆ ಹಸಿರೂ ಇದ್ದವು, ಹಳದಿಯೂ ಇದ್ದವು.

"ಹಳದಿಯವು ಹೊರಗಿನಿಂದ ಹೊಕ್ಕಿರಬೇಕು," ಎಂದೆ.

"ಇರುವಿ ಸುದ್ದಾ ಹೋಗದಂಗ ಅರಬಿ ಕಟ್ಟೀನ್ರಿ ಸರ್. ಎಲ್ಲಾ ಒಂದ ತಾಯಿ ತತ್ತಿಯವು. ಹಸರು ಗಂಡು, ಹಳದಿ ಹೆಣ್ಣು. ಕುಡಿಮೀಸಿ ನೋಡ್ರಿ, ನೀವ ಕ್ಲಾಸಿನ್ಯಾಗ ಹೇಳಿದ್ರಲ್ಲ."

ಹೇಳಿದ್ದೆ. ಗಂಡಿನ ಕುಡಿಮೀಸೆ ಗರಿಯಂತೆ ಅಗಲ. ಅದನ್ನೇ ಲೇಖನದಲ್ಲಿ ಹೊಸ ಪ್ರಭೇದದ ಗುರುತೆಂದು ಬರೆದಿದ್ದೆ! ಮುಖ ಎಲ್ಲಿಡಲಿ ಎನ್ನಿಸಿತು. ಅಷ್ಟರಲ್ಲಿ ಒಂದು ಗೂಡು ಅಲುಗಿತು. ಮುದ್ದೆಯಾದ ಒದ್ದೆ ಜೀವವೊಂದು ಹೊರಗೆ ತೆವಳಿ, ಹಳದಿ ಅಕ್ಕನ ಪಕ್ಕದ ಕಡ್ಡಿ ಹಿಡಿದು, ಅರ್ಧ ಗಂಟೆಯಲ್ಲಿ ಹಸಿರು ರೆಕ್ಕೆ ಬಿಚ್ಚಿತು. ಒಂದೇ ಎಲೆ ತಿಂದವರಿಗೆ ಎರಡು ಬಣ್ಣ! ನಾವಿಬ್ಬರೂ ಬಗ್ಗಿ ನೋಡುತ್ತಲೇ ಇದ್ದೆವು. ಇಪ್ಪತ್ತು ವರ್ಷ ಪಾಠ ಹೇಳಿಯೂ ಇಂಥದ್ದನ್ನು ನಾನು ಕಂಡಿರಲಿಲ್ಲ.

ಡಬ್ಬಿಯ ಪತಂಗಗಳಿಗೆ ನಾನು ಚುಚ್ಚಿದ್ದ ಎರಡು ಹೆಸರಿನ ಎರಡು ಚೀಟಿ ನೋಡಿ ಸಿದ್ದಮ್ಮ ನಕ್ಕರು. "ಗಂಡ ಹೆಂಡ್ತಿನ್ನ ಬ್ಯಾರೆ ಬ್ಯಾರೆ ಮಾಡೀರಲ್ರಿ ಸರ್."

ಲಕೋಟೆಯನ್ನೇ ಕತ್ತರಿಸಿ ಎರಡಕ್ಕೂ ಸೇರಿ ಒಂದು ಹೊಸ ಚೀಟಿ ಮಾಡಿದೆ. ಗುರುತಿಸಿದವರು ಎಂಬಲ್ಲಿ ಸಿದ್ದಮ್ಮ ಎಂದು ಬರೆದೆ.

ರಾಯಚೂರಿನ ಬಸ್ಸಿನಲ್ಲಿ ಪಕ್ಕದ ಮುದುಕರು ಡಬ್ಬಿಯತ್ತ ಬಗ್ಗಿದರು. "ಏನದರೀ ಸಾಹೇಬ್ರ ಅದರಾಗ?"

"ಜೋಡಿ, ಯಪ್ಪಾ," ಎಂದೆ.