ಬುಡ್ಡೇಸಾಬನ ಕಾರಿನ ಮದುಮಗಳು

ಸಿಂಧನೂರಿನ ಬಸ್ ನಿಲ್ದಾಣದ ಎದುರು ನಿಲ್ಲುತ್ತಿದ್ದ ಬಾಡಿಗೆ ಕಾರುಗಳಲ್ಲಿ ಬುಡ್ಡೇಸಾಬನ ಅಂಬಾಸಿಡರ್ ಎಲ್ಲಕ್ಕಿಂತ ಹಳೆಯದು. ಹೊರಗಿನಿಂದ ನೋಡಿದರೆ ಹತ್ತಲು ಮನಸ್ಸಾಗುತ್ತಿರಲಿಲ್ಲ. ಬಾಗಿಲು ತೆಗೆದರೆ ಮಾತ್ರ ಆಗಷ್ಟೇ ಸಾರಿಸಿದ ಪಡಸಾಲೆಯಷ್ಟು ಚೊಕ್ಕಟ.

ಅದಕ್ಕೆಂದು ಅವನು ದುಡ್ಡು ಬಿಚ್ಚುವ ಆಸಾಮಿಯಲ್ಲ. ಸೋಡಾ ಅಂಗಡಿಯವನು ಎಸೆಯುವ ನಿಂಬೆ ಹೋಳುಗಳನ್ನು ತಂದು ಜಿಡ್ಡು ಉಜ್ಜುತ್ತಿದ್ದ. ಅಂಟುವಾಳಕಾಯಿ ನೆನೆಸಿದ ನೀರಲ್ಲಿ ಸೀಟಿನ ಹೊದಿಕೆ ತೊಳೆಯುತ್ತಿದ್ದ. ಸಂದಿಗೊಂದಿಯ ಧೂಳಿಗೆ ಸುಣ್ಣ ಬಳಿಯುವವರು ಬಿಸಾಕಿದ ಕುಂಚ, ಗಾಜಿಗೆ ಹಳೆಯ ಪೇಪರು, ಕಾಲಡಿಗೆ ಗೋಣಿತಟ್ಟು. ಹೊದಿಕೆಯನ್ನು ಹೆಂಡತಿ ಮುನ್ನಿಬೀ, ಊರವರ ಕುಪ್ಪಸ ಹೊಲಿದು ಉಳಿದ ತುಂಡುಗಳನ್ನು ಜೋಡಿಸಿ ಹೊಲಿದಿದ್ದಳು. ಯಾವಳಾದರೂ ಕಾರು ಹತ್ತಿದಾಗ ತನ್ನ ಕುಪ್ಪಸದ ಬಟ್ಟೆಯ ಮೇಲೆಯೇ ಕೂತಿದ್ದೇನೆಂದು ಅನುಮಾನಪಟ್ಟರೆ, ಅಂಥ ಬಟ್ಟೆ ಈಗ ಊರಿಗೆಲ್ಲ ಬಂದಿದೆ ಎಂದು ಬುಡ್ಡೇಸಾಬ ತಣ್ಣಗೆ ಹೇಳುತ್ತಿದ್ದ.

ಮಂದಿಯ ಕಾಲಿಗೂ ಬಾಯಿಗೂ ಮಾತ್ರ ಅವನಲ್ಲಿ ಮದ್ದಿರಲಿಲ್ಲ. ಗದ್ದೆಯ ಕರಿಮಣ್ಣು ಅಂಟಿದರೆ ಅಂಟಿತು. ಎಲೆ ಅಡಿಕೆ ಉಗುಳುವವರಂತೂ ಕಿಟಕಿಯ ಗಾಜು ಇಳಿದಿದೆಯೋ ಇಲ್ಲವೋ ನೋಡುತ್ತಲೇ ಇರಲಿಲ್ಲ.

ಎಂಬತ್ತೆಂಟರಲ್ಲಿ, ಬೇಸಿಗೆ ಬೆಳೆಯ ನಾಟಿ ನಡೆದಾಗ, ವಳಕಮದಿನ್ನಿಯ ಆದಪ್ಪ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು ತುರ್ತಾಗಿ ಲಿಂಗಸುಗೂರಿಗೆ ಹೋಗಬೇಕೆಂದ. ಬರುವ ಗಿರಾಕಿಯನ್ನು ಬೇಡವೆನ್ನುವುದು ಹೇಗೆ? ಬುಡ್ಡೇಸಾಬನ ಬಾಯಿಂದ ತಾನಾಗಿ ಒಂದು ಮಾತು ಹೊರಟಿತು.

“ಕುಂದ್ರಿ ಗೌಡ್ರ. ಆದ್ರ ವಾಪಸ್ ಬರೋವಾಗ ಮಸ್ಕ್ಯಾಗ ಮದುಮಗಳನ್ನ ಕೂಡಿಸಿಕೊಂಡು ಬರಬೇಕೈತಿ.”

ಆದಪ್ಪ ನಲ್ಲಿಗೆ ಹೋಗಿ ಕಾಲು ತೊಳೆದು ಬಂದ. ಚಪ್ಪಲಿಯನ್ನು ಕೈಚೀಲಕ್ಕೆ ಹಾಕಿಕೊಂಡ. ಊರು ಮುಟ್ಟುವವರೆಗೆ ಎಲೆಯ ಚಂಚಿ ಬಿಚ್ಚಲಿಲ್ಲ.

ಆಮೇಲೆ ದಾರಿ ನಡುವಿನ ಮಸ್ಕಿಯಲ್ಲಿ ದಿನಕ್ಕೊಬ್ಬ ಮದುಮಗಳು ಹುಟ್ಟಿಕೊಂಡಳು. ಆಷಾಢ ಬಂದಾಗ ಅವಳು ಸಾಬರ ಹುಡುಗಿಯಾಗುತ್ತಿದ್ದಳು, ಮೊಹರಂ ತಿಂಗಳಲ್ಲಿ ಹಿಂದೂಗಳ ಮನೆಯವಳಾಗುತ್ತಿದ್ದಳು. ಹೀಗೆ ಮೂರು ವರ್ಷ ಕಾರಿನ ಒಳಗು ಕನ್ನಡಿಯ ಹಾಗಿತ್ತು.

ತೊಂಬತ್ತೊಂದರಲ್ಲಿ ಆಷಾಢ, ಮೊಹರಂ ಎರಡೂ ಒಟ್ಟಿಗೆ ಬಂದವು. ಬುಡ್ಡೇಸಾಬ ಅದನ್ನು ಗಮನಿಸಿರಲಿಲ್ಲ. ಅಂದು ಮುಂದಿನ ಸೀಟಿನಲ್ಲಿ ಮಸ್ಕಿಯಲ್ಲಿ ಚಹಾದಂಗಡಿ ಇಟ್ಟಿದ್ದ ದಾದೇಸಾಬ, ಹಿಂದೆ ಲಿಂಗಸುಗೂರಿನ ಬಳೆಗಾರ್ತಿ ಅಂಬಮ್ಮ. ಅವಳ ಪಕ್ಕದಲ್ಲಿ ಯಾರೋ ತಲೆತುಂಬ ಟವೆಲು ಸುತ್ತಿಕೊಂಡು ನಿದ್ದೆ ಹೋಗಿದ್ದ. ಅಂಬಮ್ಮ ಚಂಚಿಗೆ ಕೈ ಹಾಕಿದ್ದೇ ತಡ, ಬುಡ್ಡೇಸಾಬ ಮದುಮಗಳ ಸುದ್ದಿ ತೆಗೆದ.

“ಆಷಾಢದಾಗ ಯಾರು ಮದುವಿ ಮಾಡ್ತಾರಪ್ಪ?” ಎಂದಳು ಅಂಬಮ್ಮ.

“ನಮ್ಮ ಮಂದೀದು ರೀ ಅಮ್ಮ.”

ದಾದೇಸಾಬ ಅವನ ಕಡೆ ತಿರುಗಿದ. “ಮುದಗಲ್ಲಾಗ ಮೊಹರಮ್ಮಿನ ಅಲಾಯಿ ದೇವ್ರು ಕುಂತಾವ. ಈಗ ನಮ್ಮೋರು ಯಾರು ನಿಕಾ ಮಾಡ್ತಾರ ಬುಡ್ಡೇಭಾಯಿ?”

ಬುಡ್ಡೇಸಾಬ ಸೋಲದೆ, ಅದು ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನ ನಿರಾಶ್ರಿತ ಬಂಗಾಲಿಗಳ ಮದುವೆ, ಅವರಿಗೆ ಇವೆರಡೂ ಅಡ್ಡಿಯಿಲ್ಲ ಎಂದುಬಿಟ್ಟ. ಹಿಂದೆ ಮಲಗಿದ್ದವನು ಟವೆಲು ಸರಿಸಿದ. ಕ್ಯಾಂಪಿನ ಮೀನು ವ್ಯಾಪಾರಿ ನಿಖಿಲ್ ಮಂಡಲ್.

“ಯಾರ ಮನಿ ಮದುವಿ? ನನಗ ಯಾರೂ ಹೇಳೇ ಇಲ್ಲ,” ಎಂದ. ದನಿಯಲ್ಲಿ ನಿಜವಾದ ಬೇಸರವಿತ್ತು.

ಬುಡ್ಡೇಸಾಬ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಸ್ಟೀರಿಂಗನ್ನೇ ನೋಡುತ್ತ, “ಮದುವಿನೂ ಇಲ್ಲ, ಹೆಣ್ಣೂ ಇಲ್ರೀ. ಸೀಟು ತೊಳದು ತೊಳದು ಸಾಕಾಗಿತ್ತು, ಹಂಗಂತ ಹೇಳಿದ್ದೆ,” ಎಂದ.

ಅಂಬಮ್ಮ ಚಂಚಿಯನ್ನು ಎತ್ತಿಕೊಂಡಳು. “ಮೂರು ವರ್ಷ ನಿನ್ನ ಮದುಮಗಳ ಸಲುವಾಗಿ ನಾ ಬಾಯಿ ಕಟ್ಟಿಕೊಂಡು ಕುಂತೀನಲ್ಲೋ,” ಎಂದು ಬಾಗಿಲು ತೆಗೆದು ಇಳಿದಳು. ಜಾಲಿಯ ಮರದ ನೆರಳಿನಲ್ಲಿ ಕಾಲು ಚಾಚಿ ಕೂತು, ಒಂದೊಂದೇ ಎಲೆಯನ್ನು ಸೆರಗಿಗೆ ಒರೆಸಿ, ಸುಣ್ಣ ಸವರಿ, ಅಡಿಕೆ ಕತ್ತರಿಸಿ ಮೆಲ್ಲತೊಡಗಿದಳು. ದಾದೇಸಾಬನೂ ಇಳಿದು ಬೀಡಿ ಹಚ್ಚಿದ. ಮಂಡಲ್‌ಗೂ ಅಂಬಮ್ಮ ಒಂದು ಎಲೆ ಮಡಚಿಕೊಟ್ಟಳು. ಅರ್ಧ ತಾಸು ಬುಡ್ಡೇಸಾಬ ಬಿಸಿಲಲ್ಲಿ ಕಾದ. ಕೊನೆಗೆ ಮೂವರೂ ಬಾಯಿ ಮುಕ್ಕಳಿಸಿ, ಕಾಲು ಝಾಡಿಸಿ ಹತ್ತಿದರು. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ.

ಸುದ್ದಿ ಮರುದಿನವೇ ಸಿಂಧನೂರು ಮುಟ್ಟಿತು. ಮನೆಯಲ್ಲಿ ಮುನ್ನಿಬೀ ಬಯ್ಯಬಹುದೆಂದು ಅವನು ಹೆದರಿದ್ದ. ಅವಳು ಹೊಲಿಗೆ ಮಷೀನು ನಿಲ್ಲಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಇಷ್ಟು ಮದುವೆ ಮಾಡಿಸಿ ಒಂದು ದಿನವಾದರೂ ಮನೆಗೆ ಬಿರ್ಯಾನಿ ತರಲಿಲ್ಲವಲ್ಲ ಎಂದು ಕೇಳಿದಳು.

ಅಂದಿನಿಂದ ಸುಳ್ಳು ನಿಂತಿತು. ಮಸ್ಕಿಯಲ್ಲಿ ದಾದೇಸಾಬನ ಅಂಗಡಿಯ ಮುಂದೆ ಹತ್ತು ನಿಮಿಷ ಕಾರು ನಿಲ್ಲತೊಡಗಿತು. ಅಲ್ಲಿ ಎಲೆ, ಬೀಡಿ, ಚಹಾ ಎಲ್ಲ ಮುಗಿಸಿ, ಬಕೆಟ್ಟಿನ ನೀರಲ್ಲಿ ಕಾಲು ತೊಳೆದು ಹತ್ತಬೇಕು. ದಾದೇಸಾಬನ ವ್ಯಾಪಾರವೂ ಕುದುರಿತು.

ತೊಂಬತ್ತೇಳರಲ್ಲಿ ಬುಡ್ಡೇಸಾಬ ಆ ಕಾರನ್ನು ಮುದಗಲ್ಲಿನ ಒಬ್ಬ ಅಡಿಕೆ ವ್ಯಾಪಾರಿಗೆ ಮಾರಿದ. ಆತ ಒಳಗೆ ಕೂತು, ಸೀಟು ಸವರಿ, ಮೂಸಿ ನೋಡಿ, ಅಲ್ಲೇ ಒಪ್ಪಿಕೊಂಡ. ಬಾನೆಟ್ಟು ಎತ್ತಿ ನೋಡಿದ್ದು ಒಂದು ವಾರದ ಮೇಲೆ, ಕಾರು ನಡುದಾರಿಯಲ್ಲಿ ನಿಂತಾಗ.