ಬಂದೂಕಿಗೆ ಗ್ಯಾಸ್ ಒಲಿ ನಾಬ್ ಹಾಕಿಸಿದ್ದು

ಬಂದೂಕನ್ನ ಹಳೇ ದುಪ್ಪಟಿಯಾಗ ಸುತ್ತಿ, ಬಗಲಾಗ ಹಿಡ್ಕೊಂಡು ಮಸ್ಕಿ ಬಸ್ ಹತ್ತಿದೆ.

ಮೂತಿ ಹೊರಗ ಬಂದಿತ್ತಂತ ಕಾಣ್ತದ. ಕಂಡಕ್ಟರ್ "ಯಾರ ಮ್ಯಾಲ ದಂಡೆತ್ತಿ ಹೊಂಟೀರಿ ಯವ್ವಾ?" ಅಂದ. "ಗುಬ್ಬಿ ಮ್ಯಾಲಪ್ಪ" ಅಂದೆ. ಬಸ್ಸಿಗೆ ಬಸ್ಸೇ ನಕ್ತು. ನನಗ ನಗು ಬರಲಿಲ್ಲ.

ಅದು ನಮ್ಮ ಮನಿಯವ್ರ ಏರ್‌ಗನ್. ತುರ್ವಿಹಾಳದಾಗ ನಮ್ಮದು ಕಾಲುವಿ ನೀರಿನ ಗದ್ದಿ. ತೆನಿಯಾಗ ಹಾಲು ತುಂಬಿತಂದ್ರ ಗುಬ್ಬಿ ಹಿಂಡು ಹಿಂಡಾಗಿ ಬೀಳ್ತಾವ.

ಕೊರಳಾಗ ಲಿಂಗ ಕಟ್ಟಿದವ್ರು ನಾವು, ಜೀವ ತೆಗಿಯಂಗಿಲ್ಲ. ಅದಕ್ಕ ಇವ್ರು ಬದುವಿನ ಜಾಲಿ ಗಿಡಕ್ಕ ಹಿಟ್ಟು ನಾದೋ ಒಂದು ಹಳೇ ಪರಾತ ತೂಗ ಹಾಕಿ, ಅದಕ್ಕ ಗುರಿ ಹಿಡಿದು ಹೊಡೀತಿದ್ರು. ಸಣ್ಣ ಸೀಸದ ಗುಂಡು, ಛರ್ರಾ ಅಂತೀವಿ. ಪರಾತ ಠಣ್ ಅನ್ನೋದು, ಗುಬ್ಬಿ ಎದ್ದು ಹೋಗೋವು.

ಆದ್ರ ಇವ್ರಿಗೆ ಬರೇ ಸಪ್ಪಳ ಸಾಕಾಗ್ತಿದ್ದಿಲ್ಲ. ಗುಡಿ ಗಂಟಿ ಹಂಗ ದನಿ ಎಳೀಬೇಕು. ಸ್ಪ್ರಿಂಗ್ ಬಿಗಿ ಆದ್ರ ಛರ್ರಾ ಪರಾತನ್ನ ತೂತು ಮಾಡ್ತದ, ಸಡ್ಲ ಆದ್ರ ದನಿ ಏಳಂಗಿಲ್ಲ...

ದಿನಾ ಮುಂಜಾನಿ ಬಂದೂಕಿನ ಕಟ್ಟಿಗಿ ಹಿಡಿಕಿ ಬಿಚ್ಚಿ, ಒಳಗಿನ ಸ್ಕ್ರೂ ತಿರುವಿ, ಮತ್ತ ಕೂಡ್ಸಿ, ಒಂದು ಹೊಡದು ನೋಡೋರು. "ಇನ್ನೊಂದೀಟು" ಅನ್ನೋರು. ಮತ್ತ ಬಿಚ್ಚೋರು. ಸರಿಯಾದ ದನಿ ಬಂದ ಮ್ಯಾಲೇ ನಾನು ಪೂಜಿಗೆ ಕುಂದ್ರತಿದ್ದೆ.

ಒಮ್ಮೆ ಬ್ಯಾಸತ್ತು ಅಂದಿದ್ದೆ, "ಒಂದು ಹಗ್ಗ ಕಟ್ಟಿ ಜಗ್ಗಿದ್ರೂ ಗುಬ್ಬಿ ಹಾರ್ತಾವಲ್ರಿ, ಇಷ್ಟೆಲ್ಲ ರಗಳಿ ಯಾಕ?"

"ಹಗ್ಗದಿಂದ ಬರೋದು ಸತ್ತ ದನಿ, ಹುಚ್ಚಿ" ಅಂದ್ರು.

ಹೋದ ವರ್ಷ ಲಕ್ವಾ ಹೊಡೀತು. ಬಲಗೈ ಹೋತು. ಮಾತೂ ಹೋತು.

ಲಿಂಗಸುಗೂರಿನ ಡಾಕ್ಟ್ರು "ಮನಸ್ಸಿದ್ದ ಕೆಲಸ ಯಾವುದರ ಎಡಗೈಗೆ ಕೊಡ್ರಿ, ಸುಮ್ನ ಮಲಗಿಸಬ್ಯಾಡ್ರಿ" ಅಂದ್ರು. ಇವ್ರಿಗೆ ಮನಸ್ಸಿದ್ದ ಕೆಲಸ ಇದೊಂದೇ. ಆದ್ರ ಒಂದೇ ಕೈಲೆ ಹಿಡಿಕಿ ಬಿಚ್ಚೋದು ಹೆಂಗ? ಬಿಚ್ಚಾಕ ನೋಡಿ ಆಗ್ಲಾರದ್ದಕ್ಕ ಸ್ಕ್ರೂ ಡ್ರೈವರ್ ಬೀಸಿ ಒಗದು, ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡ್ರು.

ಅದಕ್ಕ ನಾನೇ ಬಂದೂಕನ್ನ ಮಸ್ಕಿಗೆ ಒಯ್ದೆ.

ಲೇತ್ ಅಂಗಡಿ ಮಿಸ್ತ್ರಿ ತಿರುವಿ ಮುರುವಿ ನೋಡಿ "ಬಿಚ್ಚೋದ್ಯಾಕ ಅಕ್ಕಾರ, ಹಿಡಿಕಿಗೇ ತೂತು ಹೊಡದು ಸ್ಕ್ರೂ ಹೊರಗ ತರ್ತೀನಿ" ಅಂದ. ಆ ಸ್ಕ್ರೂ ತುದಿಗೆ ಗ್ಯಾಸ್ ಒಲಿ ನಾಬ್ ಕೂಡ್ಸಿದ. ಎಡಗೈ ಎರಡು ಬೆರಳಿಲೆ ತಿರುಗ್ತಿತ್ತು.

"ಇದ್ರ ಮ್ಯಾಲ ಚಹಾಕ್ಕ ಇಟ್ಟೀರಿ ಮತ್ತ" ಅಂದ. ಆವಾಗ ಮಾತ್ರ ನಕ್ಕೆ. ಬರುವಾಗ ಮಲ್ಲಯ್ಯನ ಗುಡ್ಡದ ಕಡೆ ಕೈ ಮುಗದೆ. ಇವ್ರ ಕೈಗೆ ಇದೊಂದು ಕೆಲಸ ಉಳಸಪ್ಪ ಅಂತ ಬೇಡ್ಕೊಂಡೆ.

ಮರುದಿನ ಗದ್ದಿ ಬದುವಿನ ಮ್ಯಾಲ ಕುರ್ಚಿ ಹಾಕಿದೆ. ನಾನೇ ನಳಿಗಿ ಬಗ್ಗಿಸಿ ಛರ್ರಾ ತುಂಬಿ ಕೊಟ್ಟೆ. ಮುಂದ ಇಟ್ಟಿದ್ದ ಚೀಲದ ಮ್ಯಾಲ ಬಂದೂಕು ಊರಿ ಹೊಡದ್ರು.

ಪರಾತಕ್ಕ ಬೀಳಲಿಲ್ಲ. ಕೈ ನಡುಗಿ ಗುರಿ ತಪ್ಪಿತ್ತು. ಅವ್ರು ಸ್ಪ್ರಿಂಗಿಂದೇ ತಪ್ಪು ಅನಕೊಂಡು ನಾಬ್ ತಿರುವಿದ್ರು. ಮತ್ತ ಬೀಳಲಿಲ್ಲ. ಮತ್ತ ತಿರುವಿದ್ರು, ಸ್ಪ್ರಿಂಗ್ ಇನ್ನಷ್ಟು ಬಿಗಿ ಆತು.

ಬಿಚ್ಚೋ ತ್ರಾಸಿದ್ದಾಗ ನೂರು ಸಲ ವಿಚಾರ ಮಾಡಿ ತಿರುವೋರು. ನಾನು ಸುಲಭ ಮಾಡಿಸಿ ತಂದಿದ್ದೆ...

ಸಂಜಿಗೆ ಬಾಜು ಹೊಲದಾಗ ಹತ್ತಿ ಬಿಡಿಸೋ ಹುಲಿಗೆವ್ವ ಬಂದು, ತನ್ನ ಬುತ್ತಿ ಡಬ್ಬಿ ನನ್ನ ಮುಂದ ಇಟ್ಟಳು. ಮುಚ್ಚಳ ತಗ್ಗು ಬಿದ್ದಿತ್ತು.

"ನೋಡಕ್ಕ, ಇವತ್ತ ಛರ್ರಾ ಡಬ್ಬಿಗೆ ಬಡದದ. ನಾಳಿ ಬುತ್ತಿ ಕಟ್ಕೊಂಡು ಬರ್ಲ್ಯೋ, ಹೆಲ್ಮೆಟ್ ಹಾಕ್ಕೊಂಡು ಬರ್ಲ್ಯೋ ನೀನೇ ಹೇಳು" ಅಂದಳು. ಆಮ್ಯಾಲ ದನಿ ಸಣ್ಣ ಮಾಡಿ "ಅಣ್ಣಗ ಏನೂ ಅನಬ್ಯಾಡ" ಅಂದು ಹೋದಳು.

ಆ ಡಬ್ಬಿ ಪಕ್ಕದಾಗೇ ಅಕಿ ಮಗಳು ಕುಂತಿದ್ದಳಂತ.

ಅವತ್ತಿಂದ ನಾನು ಛರ್ರಾ ತುಂಬಂಗಿಲ್ಲ. ತುಂಬಿದಂಗ ಮಾಡಿ ಖಾಲಿ ಬಂದೂಕು ಕೊಡ್ತೀನಿ. ಪರಾತದ ಬಾಜೂಕ ಒಂದು ಸೌಟು ಕಟ್ಟಿ, ಅದಕ್ಕ ಹಗ್ಗ ಕಟ್ಟಿ, ಇವ್ರ ಬೆನ್ನ ಹಿಂದ ಸೆರಗಿನಾಗ ಹಗ್ಗ ಮುಚ್ಕೊಂಡು ಕುಂದ್ರತೀನಿ. ಅವ್ರು ಬಂದೂಕಿನ ಕುದುರಿ ಒತ್ತತಾರ. ನಾನು ಜಗ್ಗತೀನಿ.

ಗುಬ್ಬಿ ಎದ್ದು ಹೋಗ್ತಾವ. ಹಗ್ಗಕ್ಕೂ ಹಾರ್ತಾವ, ನಾ ಅವತ್ತು ಅಂದದ್ದು ಖರೇ ಆತು. ಖರೇ ಆಗಬಾರದಿತ್ತು.

ಆದ್ರ ಇವ್ರು ಕಿವಿ ಕೊಟ್ಟು ಕೇಳ್ತಾರ. ತೆಲಿ ಅಲ್ಲಾಡಿಸ್ತಾರ. ಎಡಗೈ ಎತ್ತಿ, ಬೆರಳು ಹೆಬ್ಬೆರಳು ನಡುವ ಚೂರೇ ಚೂರು ಸಂದು ಮಾಡಿ ತೋರಿಸ್ತಾರ. ಇನ್ನೊಂದೀಟು...

ಮೆಲ್ಲಕ ಜಗ್ಗಿ ನೋಡೀನಿ, ಜೋರಾಗಿ ಜಗ್ಗಿ ನೋಡೀನಿ. ಸೌಟು ತೆಗೆದು ಕಬ್ಬಿಣದ ತುಂಡು ಕಟ್ಟೀನಿ. ಆ ದನಿ ಬರವಲ್ದು.

ಕೈ ತಗೊಂಡಿ, ಮಾತು ತಗೊಂಡಿ. ಆ ಕಿವಿ ಒಂದು ಯಾಕ ಬಿಟ್ಟಿ ಶಿವನೇ ಅಂತ ಪೂಜಿಗೆ ಕುಂತಾಗೆಲ್ಲ ಕೇಳ್ತೀನಿ. ಈಗ ಪೂಜಿಗೆ ಹೊತ್ತು ಗೊತ್ತು ಏನೂ ಇಲ್ಲ.

ಇವತ್ತ ಮುಂಜಾನಿ ನಾಬ್ ಕಡೀಕ ಬಂದು ನಿಂತದ. ಇನ್ನ ತಿರುಗಾಕ ಜಾಗ ಇಲ್ಲ. ಆದ್ರೂ ಎರಡು ಬೆರಳಿಲೆ ತಿರುವಾಕತ್ತಾರ, ಬೆರಳ ತುದಿ ಕೆಂಪಾಗ್ಯಾವ.

ಹಗ್ಗ ನನ್ನ ಸೆರಗಿನಾಗೇ ಅದ... ತೆಗೆದು ತೋರಿಸಿಬಿಡ್ಲ್ಯೋ, ಹಿಂಗೇ ಜಗ್ಗಕೋತ ಇರ್ಲ್ಯೋ, ನೀವಾಗಿದ್ರ ಏನ್ ಮಾಡ್ತಿದ್ರಿ?