ಡೋಣಿ ಗುಡ್ಡದ ಕಬ್ಬಿಣದ ಗೂಟಗಳು

ತಂಗಿ ಶಾಂತವ್ವ ಫೋನ್ ಮಾಡಿದ ಮರುದಿನ ಬೆಳಿಗ್ಗೆಯೇ ನಾನು ಬೆಟಗೇರಿಯ ಮನೆಗೆ ಕೀಲಿ ಹಾಕಿ ಹೊರಟೆ. ಡೋಣಿಯಲ್ಲಿ ಅವಳ ಹೊಲದ ಮೇಲಿನ ಗುಡ್ಡದಲ್ಲಿ ಯಾರೋ ಕಬ್ಬಿಣದ ಗೂಟ ಬಡಿದು ಹೋಗಿದ್ದರಂತೆ. ಭೂಮಿ ಕೈಬಿಟ್ಟು ಹೋಗುತ್ತದೆ ಎಂದು ಅವಳು ಅಳುವುದೊಂದು ಬಾಕಿ. ನನಗೂ ಹಾಗೇ ಅನ್ನಿಸಿತು. ನಮ್ಮ ಕಡೆ ಮೊದಲು ಗೂಟ ಬರುತ್ತದೆ, ಆಮೇಲೆ ತಂತಿ ಬೇಲಿ ಬರುತ್ತದೆ, ಕೇಳಹೋದರೆ ಸಾಹೇಬರು ಊಟಕ್ಕೆ ಹೋಗಿರುತ್ತಾರೆ.

ಗದಗಿನಿಂದ ಮುಂಡರಗಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಪುಕ್ಕಟೆ. ಪುಕ್ಕಟೆ ಕೊಟ್ಟದ್ದನ್ನು ನಾನು ಎರಡು ಸಲ ನೋಡುತ್ತೇನೆ. ಮೂರನೇ ಇಯತ್ತೆಯವರೆಗೆ ಕಲಿತವಳು, ಕಂಡಕ್ಟರ್ ಕೊಟ್ಟ ಚೀಟಿಯನ್ನು ಅಕ್ಷರ ಕೂಡಿಸಿ ಓದಿದೆ. ಊರಿನ ಹೆಸರು ಸರಿ ಇತ್ತು. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಡಂಬಳದಲ್ಲಿ ಇಳಿದು ಒಂದು ಪ್ಲೇಟು ಗಿರಮಿಟ್ಟು ತಿಂದು ಚಹಾ ಕುಡಿದೆ. ಗಿರಮಿಟ್ಟಿನಲ್ಲಿ ಚುರುಮುರಿ ಮೆತ್ತಗಾಗಿತ್ತು. ಅಲ್ಲಿಂದ ಡೋಣಿಗೆ ಟಂಟಂ ರಿಕ್ಷಾ. ಓಡಿಸುವವನು ಮೂವತ್ತು ಕೇಳಿದ, ನಾನು ಇಪ್ಪತ್ತು ಕೊಟ್ಟೆ. ಗುಡ್ಡದ ಗೂಟದ ಸುದ್ದಿ ಎತ್ತಿದರೆ ತನಗೇನೂ ಗೊತ್ತಿಲ್ಲ ಎಂದ. ಅಷ್ಟು ಜಲ್ದಿ ಗೊತ್ತಿಲ್ಲ ಅಂದವನನ್ನು ನಾನು ನಂಬಲಿಲ್ಲ. ಶ್ರಾವಣದ ಗಾಳಿ ಸೆರಗು ನಿಲ್ಲಗೊಡುತ್ತಿರಲಿಲ್ಲ. ಮೋಡ ಇತ್ತು, ಮಳೆ ಇರಲಿಲ್ಲ.

ಶಾಂತವ್ವನದು ಕೆಂಪು ಮಣ್ಣಿನ ಎರಡು ಎಕರೆ ಮಸಾರಿ ಹೊಲ, ಶೇಂಗಾ ಹಾಕಿದ್ದಳು. ಅದರ ಮೇಲಿನ ಇಳಿಜಾರಿನಲ್ಲಿ ನೀಲಗಿರಿ ತೋಪು. ಕೆಳಗಿನ ಅರ್ಧ ತೋಪನ್ನು ಬೇಸಿಗೆಯಲ್ಲಿ ಕಡಿದು, ದಿಮ್ಮಿಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸಾಗಿಸಿದ್ದರು. ಮುಂಗಾರು ಬಿದ್ದಾಗ ಆ ದಾರಿಯಿಂದಲೇ ನೀರು ಗರಸು ಕಲ್ಲುಮಣ್ಣು ಹೊತ್ತು ತಂದು, ಒಡ್ಡು ಒಡೆದು, ಮೇಲಿನ ಸಾಲುಗಳನ್ನೆಲ್ಲ ಮುಚ್ಚಿಹಾಕಿತ್ತು. ಮೇಲಿನ ಅರ್ಧ ತೋಪು ಇನ್ನೂ ನಿಂತಿತ್ತು. ಅದನ್ನೂ ಕಡಿದರೆ ಶಾಂತವ್ವನ ಹೊಲದಲ್ಲಿ ಕಲ್ಲು ಬೆಳೆಯಬೇಕು, ಅಷ್ಟೇ.

ಅವಳ ಮನೆ ಮುಟ್ಟಿದಾಗ ಮೊದಲು ಕಂಡದ್ದು ಅಂಗಳದ ಎಮ್ಮೆ. ಅದನ್ನು ಕಟ್ಟಿದ್ದು ಒಂದು ಕಬ್ಬಿಣದ ಸಲಾಕೆಗೆ. ಸಲಾಕೆಯ ತಲೆ ಚಪ್ಪಟೆಯಾಗಿತ್ತು, ಕೆಳಗೊಂದು ಕಬ್ಬಿಣದ ಬಿಲ್ಲೆ ಪೋಣಿಸಿದ್ದರು. ಕೇಳಿದರೆ ಗುಡ್ಡದ ಗೂಟ ಅದೇ ಎಂದಳು. ಕಣ್ಣಿಗೆ ಬಿದ್ದವನ್ನೆಲ್ಲ ಕಿತ್ತು ತಂದು ಹಿತ್ತಲಲ್ಲಿ ಒಟ್ಟಿದ್ದಳು.

"ಭೂಮಿ ಹೋಗ್ತೈತಿ ಅಂತ ನಿನಗ ಹೇಳಿದವರು ಯಾರ?" ಎಂದು ಕೇಳಿದೆ.

"ಮರಾ ಕಡ್ಯಾವರ ಮೇಸ್ತ್ರಿ, ಯಕ್ಕಾ. ಭಾಳ ಚಲೋ ಮನಶ್ಯಾ. ಎರಡ ಹೊರಿ ಕಟಿಗಿನೂ ಕೊಟ್ಟಾನ."

ನೀಲಗಿರಿ ಟೊಂಗೆಯ ಹೊರೆಗಳು ಗೋಡೆಗೆ ಒರಗಿದ್ದವು. ರೊಟ್ಟಿ, ಪುಂಡಿಪಲ್ಯ ಉಣ್ಣುತ್ತ ಅವನ್ನೇ ನೋಡಿದೆ. ಪುಕ್ಕಟೆ ಬಂದವು.

ಉಂಡ ಮೇಲೆ ಇಬ್ಬರೂ ಗುಡ್ಡ ಹತ್ತಿದೆವು. ಕಡಿದ ಬುಡಗಳ ನಡುವೆ ತಲೆಗೆ ವೇಲು ಸುತ್ತಿಕೊಂಡ ಒಬ್ಬ ಹುಡುಗಿ ಮಂಡಿಯೂರಿ ಏನೋ ಹುಡುಕುತ್ತಿದ್ದಳು. ಪಕ್ಕದಲ್ಲಿ ಸುತ್ತಿಗೆ, ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳು. ಶಿರಹಟ್ಟಿಯವಳಂತೆ, ಮಣ್ಣಿನ ಪರೀಕ್ಷೆಯ ಕೆಲಸವಂತೆ. ಯಾರ ಭೂಮಿ ಅಳೆಯಲು ಬಂದೆ ಎಂದು ನೇರವಾಗಿ ಕೇಳಿದೆ.

"ಭೂಮಿ ಅಳ್ಯಾಕಲ್ಲರಿ ಆಯಿ. ಮರಾ ಕಡದ ಮ್ಯಾಲ ಮಣ್ಣು ಎಷ್ಟ ಕೊಚ್ಚಿ ಹೋಗೇತಿ ಅಂತ ನೋಡಾಕ."

"ಬಾಯಿಮಾತು ಬ್ಯಾಡ. ತೋರ್ಸು."

ಅವಳು ಬಾಟಲಿಯ ನೀರನ್ನು ಟ್ರ್ಯಾಕ್ಟರ್ ಓಡಾಡಿದ ದಾರಿಯ ಮೇಲೆ ಸುರಿದಳು. ಗಚ್ಚಿನ ಮೇಲೆ ಸುರಿದಂತೆ ನೀರು ಇಂಗದೆ ನಮ್ಮ ಹೊಲದ ಕಡೆಗೇ ಹರಿಯಿತು. ನಿಂತ ಮರಗಳ ಕೆಳಗೆ ಸುರಿದಾಗ ನೆಲ ಕುಡಿದುಬಿಟ್ಟಿತು. ಆಮೇಲೆ, ಮುಂಗಾರಿಗೆ ಮೊದಲು ತಾನು ಬಡಿದಿದ್ದ ಗೂಟಗಳಲ್ಲಿ ಮುಳ್ಳುಕಂಟಿಯೊಳಗೆ ಉಳಿದಿದ್ದ ಒಂದೇ ಒಂದನ್ನು ತೋರಿಸಿದಳು. ಬಡಿಯುವಾಗ ಗೂಟದ ತಲೆ, ಬಿಲ್ಲೆ, ನೆಲ ಮೂರೂ ಒಂದೇ ಮಟ್ಟಕ್ಕೆ ಕೂಡಿರುತ್ತವೆ. ಮಣ್ಣು ಹೋದಂತೆ ಬಿಲ್ಲೆ ಕೆಳಗೆ ಜಾರುತ್ತದೆ, ತಲೆ ಮಾತ್ರ ಮೇಲೆ ಉಳಿಯುತ್ತದೆ. ನಡುವೆ ನನ್ನ ಎರಡು ಬೆರಳು ಸಲೀಸಾಗಿ ಹಿಡಿದವು. ಮೇಲಿನ ತೋಪು ಕಡಿಯಬೇಕೋ ಬೇಡವೋ ಎಂಬುದು ಈ ಅಳತೆಯ ಮೇಲೆ ನಿಂತಿದೆ, ಒಂದೇ ಗೂಟ ಹಿಡಿದು ತಾನು ಏನೂ ಹೇಳಲಾರೆ ಎಂದಳು ಹುಡುಗಿ.

ಶಾಂತವ್ವ ಗೂಟದ ಮುಂದೆ ಕುಳಿತು ಬಿಲ್ಲೆ ಮುಟ್ಟಿ ನೋಡಿದಳು. "ನನ್ನ ಸಾಕ್ಷಿ ನಾನ ಕಿತ್ತಿನಲ್ಲ ಯಕ್ಕಾ."

ನಾನು ಸಮಾಧಾನ ಹೇಳಲಿಲ್ಲ. ಎದ್ದು ಗೂಟ ತರಲು ಹೇಳಿದೆ. ಎಮ್ಮೆಯನ್ನು ಬೇವಿನ ಮರಕ್ಕೆ ಕಟ್ಟಿ, ಎಲ್ಲ ಗೂಟ ಹೊತ್ತು ತಂದಳು. ಹುಡುಗಿ ಜಾಗ ತೋರಿಸಿದ ಹಾಗೆ ಶಾಂತವ್ವ ತಾನೇ ಬಡಿದಳು. ಹೋದ ಮಳೆಯ ಲೆಕ್ಕ ಹೋದಂತೆಯೇ, ಇನ್ನು ಹಿಂಗಾರಿಯದ್ದು ಮಾತ್ರ ಸಿಗುತ್ತದೆ ಎಂದಳು ಹುಡುಗಿ.

ಅಷ್ಟರಲ್ಲಿ ಮೇಸ್ತ್ರಿ ಬೈಕಿನಲ್ಲಿ ಬಂದ. ನಮಸ್ಕಾರ ಮಾಡಿದ, ಯಾವಾಗ ಬಂದಿರೆಂದು ಕೇಳಿದ. ಆಮೇಲೆ ಗೂಟ ನೋಡಿದ.

"ಮತ್ತ ಬಡ್ಯಾಕ ಬಿಟ್ರೆನ್ರಿ ಆಯಿ? ಭೂಮಿ ಹೋಗ್ತೈತಿ ನೋಡ್ರಿ."

"ನಮ್ಮ ಭೂಮಿ ಹೋದರ ನಿನಗ್ಯಾಕಪಾ ಇಷ್ಟ ಸಂಕಟ?"

ಅವನು ನಕ್ಕ. ನಿಂತಿದ್ದ ಮರಗಳ ಕಡೆಗೊಮ್ಮೆ ನೋಡಿ, ಬೈಕು ತಿರುಗಿಸಿಕೊಂಡು ಹೋದ.

ಹುಡುಗಿಯನ್ನೂ ನಾನು ಪೂರ್ತಿ ನಂಬಿಲ್ಲ. ನೀನು ಅಳೆಯುವ ದಿನ ನನ್ನ ಬೆರಳೂ ಅಲ್ಲಿರುತ್ತವೆ ಎಂದು ಅವಳಿಗೆ ಹೇಳಿಯೇ ಇಳಿದೆ. ಬರ್ರಿ ಆಯಿ, ಒಳ್ಳೇದೇ ಆತು ಎಂದಳು.

ಸಂಜೆ ಟಂಟಂ ಹೊರಡುವ ಹೊತ್ತಿಗೆ ತಿರುಗಿ ನೋಡಿದೆ. ಶಾಂತವ್ವ ಮೇಸ್ತ್ರಿ ಕೊಟ್ಟ ಕಟ್ಟಿಗೆಯ ಒಂದು ಹೊರೆಯನ್ನು ತಲೆಯ ಮೇಲೆ ಹೊತ್ತು ಅದನ್ನು ತಿರುಗಿ ಕೊಡಲು ತೋಪಿನ ಅಂಚಿನ ಅವನ ಗುಡಿಸಲಿನ ಕಡೆಗೆ ಗುಡ್ಡ ಹತ್ತುತ್ತಿದ್ದಳು. ಟ್ರ್ಯಾಕ್ಟರಿನ ದಾರಿ ಬಿಟ್ಟು, ಗೂಟಗಳ ನಡುವೆ ಕಾಲು ನೋಡಿ ನೋಡಿ ಇಡುತ್ತಿದ್ದಳು.